ನೇತಾಡಿದ ಚೂರು, 537 ವೋಟು ಮತ್ತು ಬೂತಿನ ಬಾಗಿಲಲ್ಲೇ ನಿಂತವರು

[ಮೇಜಿನ ಮೇಲೆ ಪಂಚಿಂಗ್ ಮಷೀನ್. ಒಂದು ಹಾಳೆಗೆ ತೂತು.]

ಟಕ್!

ಈ ಚೂರು ನೋಡಿ. ತೂತು ಹಾಕಿದಾಗ ಉದುರುತ್ತಲ್ಲ, ಅದೇ. ಗುಡಿಸಿ ಬಿಸಾಡುವ ಪದಾರ್ಥ. 2000ನೇ ಇಸವಿಯಲ್ಲಿ ಅಮೆರಿಕದ ಅಧ್ಯಕ್ಷ ಯಾರು ಅನ್ನುವುದು ಇಂಥದ್ದೇ ಒಂದು ಚೂರಿಗೆ ಸಿಕ್ಕಿಕೊಂಡು 36 ದಿನ ನೇತಾಡಿತು.

ನಮ್ಮ ವೀಕ್ಷಕರೊಬ್ಬರು ಕೇಳಿದ್ದರು: "ಚಂದ್ರನ ಮೇಲೆ ಹೋಗಿಬಂದವರಿಗೆ ವೋಟು ಎಣಿಸೋಕೆ ಬರಲಿಲ್ವಾ ಸಾರ್?" ಪ್ರಶ್ನೆ ನನಗೂ ತಲೆಯಲ್ಲಿ ಕೂತುಬಿಟ್ಟಿತು.

ಬೇಸಿಕ್ಸ್ ಬೇಗ ಮುಗಿಸೋಣ. ಅಲ್ಲಿ ದೇಶದ ಒಟ್ಟು ವೋಟು ಯಾರಿಗೆ ಜಾಸ್ತಿ ಅನ್ನುವುದು ಲೆಕ್ಕಕ್ಕಿಲ್ಲ. ಒಂದೊಂದು ರಾಜ್ಯಕ್ಕೆ ಇಷ್ಟಿಷ್ಟು ಎಲೆಕ್ಟೋರಲ್ ವೋಟು, ಬಹುತೇಕ ಕಡೆ ರಾಜ್ಯ ಗೆದ್ದವರಿಗೆ ಅಷ್ಟೂ. 270 ಮುಟ್ಟಿದವರು ಅಧ್ಯಕ್ಷ. ಆ ವರ್ಷ ಜಾರ್ಜ್ ಬುಷ್, ಅಲ್ ಗೋರ್ ಇಬ್ಬರೂ ಫ್ಲೋರಿಡಾ ರಾಜ್ಯದ 25 ಎಲೆಕ್ಟೋರಲ್ ವೋಟು ಸಿಗದೆ 270 ಮುಟ್ಟುವ ಹಾಗಿರಲಿಲ್ಲ. ಅಲ್ಲಿ ಜನ ಹಾಕಿದ್ದು ಸುಮಾರು 60 ಲಕ್ಷ ವೋಟು. ಕೊನೆಗೆ ಘೋಷಿಸಿದ ಅಂತರ 537, ಬುಷ್ ಕಡೆಗೆ.

ಕಡಿಮೆ ಅಂತರ ನಮಗೇನು ಹೊಸದಲ್ಲ. 2004ರಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಒಂದೇ ಒಂದು ವೋಟಿನಲ್ಲಿ ಫಲಿತಾಂಶ ಬಂದಿತ್ತು. ಆದರೆ ಅಲ್ಲಿ ಇವಿಎಂ ಇತ್ತು. ಗುಂಡಿ ಒತ್ತಿದ್ದಾಯಿತು, ನಂಬರ್ ಬಂತು. ಫ್ಲೋರಿಡಾದ ಬಹಳಷ್ಟು ಕಡೆ ಇದ್ದದ್ದು ಪಂಚ್ ಕಾರ್ಡ್.

[ಸ್ಕ್ರೀನ್ ಮೇಲೆ: ಹಳೇ ಬಸ್ ಟಿಕೆಟ್]

ಹಳೇ ಸರ್ಕಾರಿ ಬಸ್ಸು ನೆನಪಿದೆಯಾ? ಕಂಡಕ್ಟರ್ ಕೈಯಲ್ಲಿ ಪಂಚು. ಕಟಕಟ ಅನ್ನಿಸಿಕೊಂಡು ಬಂದು ಟಿಕೆಟ್‌ಗೆ ತೂತು ಹಾಕಿ ಕೊಡುತ್ತಿದ್ದರು. ಅವರ ಪಂಚು ಮೊಂಡಾಗಿದ್ದರೆ ತೂತು ಪೂರ್ತಿ ಬೀಳುತ್ತಿರಲಿಲ್ಲ, ಚೂರು ಅಲ್ಲೇ ಅಂಟಿಕೊಂಡಿರುತ್ತಿತ್ತು. ನಾನು ಚಿಕ್ಕವನಿದ್ದಾಗ ಅದನ್ನು ಉಗುರಲ್ಲಿ ಒತ್ತಿ ವಾಪಸ್ ಮುಚ್ಚಿದ್ದೇನೆ. ತೂತೇ ಇಲ್ಲದ ಹೊಸ ಟಿಕೆಟ್ ಆಯಿತು ಅಂತ ಖುಷಿ! ಈಗ ಚೆಕಿಂಗ್‌ನವರು ಹತ್ತಿದರು ಅಂದುಕೊಳ್ಳಿ. ಆ ಟಿಕೆಟ್ ಪಂಚ್ ಆಗಿದೆಯೋ, ಇಲ್ಲವೋ?

ಫ್ಲೋರಿಡಾದ ತಲೆನೋವು ಇದೇ. ಮತದಾರ ಒಂದು ಕಡ್ಡಿಯಲ್ಲಿ ಕಾರ್ಡನ್ನು ಚುಚ್ಚಬೇಕು, ಚೂರು ಉದುರಬೇಕು. ಆ ಚೂರಿಗೆ ಅಲ್ಲಿ ಚ್ಯಾಡ್ ಅನ್ನುತ್ತಾರೆ. ಉದುರದಿದ್ದರೆ ಮಷೀನು ಅದನ್ನು ವೋಟು ಅಂತ ಓದದೇ ಹೋಗಬಹುದು. ಕೈಯಲ್ಲಿ ಎಣಿಸಲು ಕೂತಾಗ ಚೂರಿಗೂ ಜಾತಿ ಶುರುವಾಯಿತು. ಒಂದು ಮೂಲೆ ಮಾತ್ರ ಅಂಟಿದ್ದರೆ ನೇತಾಡುವ ಚೂರು. ಎರಡು ಮೂಲೆ ಅಂಟಿದ್ದರೆ ಬಾಗಿಲಿನ ಥರ ತೂಗುವ ಚೂರು. ಮೂರು ಅಂಟಿದ್ದರೆ ಅದಕ್ಕೂ ಒಂದು ಹೆಸರು. ನಾಲ್ಕೂ ಅಂಟಿಕೊಂಡು, ಮಧ್ಯೆ ಉಬ್ಬಿದ್ದರೆ? ಬಸುರಿ ಚೂರು! ನಾನು ಕಟ್ಟಿದ ಹೆಸರಲ್ಲ, ಅವರೇ ಹಾಗೆ ಕರೆದದ್ದು. ಬ್ರೋವರ್ಡ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ನ್ಯಾಯಾಧೀಶರೊಬ್ಬರು ಭೂತಗನ್ನಡಿಯ ಹಿಂದೆ ಕಣ್ಣು ದೊಡ್ಡದು ಮಾಡಿಕೊಂಡು ಕಾರ್ಡ್ ನೋಡುತ್ತಿರುವ ಫೋಟೋ ಪ್ರಪಂಚಕ್ಕೇ ಗೊತ್ತು. ಚಿನ್ನದಂಗಡಿಯಲ್ಲಿ ಹರಳು ನೋಡುವ ಹಾಗೆ ವೋಟು ನೋಡುತ್ತಿದ್ದಾರೆ.

ತಮಾಷೆ ಏನು ಅಂದರೆ, ಯಾವ ಚೂರು ವೋಟು, ಯಾವುದು ಅಲ್ಲ ಅನ್ನುವುದಕ್ಕೆ ರಾಜ್ಯಕ್ಕೆಲ್ಲ ಒಂದೇ ನಿಯಮ ಇರಲಿಲ್ಲ. ಫ್ಲೋರಿಡಾದಲ್ಲಿ 67 ಕೌಂಟಿ. ಮತಪತ್ರ ಕೂಡ ಅವರವರದ್ದೇ.

ಪಾಮ್ ಬೀಚ್ ಕೌಂಟಿಯದ್ದು ನೋಡಿ.

[ಸ್ಕ್ರೀನ್ ಮೇಲೆ: ಎರಡು ಪುಟ, ನಡುವೆ ತೂತುಗಳ ಸಾಲು]

ವಯಸ್ಸಾದವರಿಗೆ ಓದಲು ಸುಲಭ ಆಗಲಿ ಅಂತ ಅಕ್ಷರ ದೊಡ್ಡದು ಮಾಡಿದರು. ಹೆಸರು ಒಂದೇ ಪುಟದಲ್ಲಿ ಹಿಡಿಸಲಿಲ್ಲ. ಎಡಕ್ಕೆ ಒಂದಷ್ಟು, ಬಲಕ್ಕೆ ಒಂದಷ್ಟು, ತೂತು ಮಾತ್ರ ನಡುವೆ. ಎಡಗಡೆ ಮೊದಲ ಹೆಸರು ಬುಷ್, ಎರಡನೆಯದು ಗೋರ್. ಆದರೆ ಎರಡನೇ ತೂತು ಗೋರ್‌ದಲ್ಲ! ಅದು ಬಲಗಡೆ ಮೊದಲಿದ್ದ ಇನ್ನೊಬ್ಬ ಅಭ್ಯರ್ಥಿ ಪ್ಯಾಟ್ ಬುಕ್ಯಾನನ್‌ದು. ಗೋರ್‌ಗೆ ಮೂರನೇ ತೂತು. ಬುಕ್ಯಾನನ್‌ಗೆ ಅಲ್ಲಿ 3,400ಕ್ಕೂ ಜಾಸ್ತಿ ವೋಟು ಬಿತ್ತು. ಇದರಲ್ಲಿ ಬಹಳಷ್ಟು ನನ್ನದಲ್ಲ ಅಂತ ಆ ಮನುಷ್ಯನೇ ಟೀವಿಯಲ್ಲಿ ಒಪ್ಪಿಕೊಂಡರು. ಇದು ಸಾಲದು ಅಂತ, 19,000ಕ್ಕೂ ಹೆಚ್ಚು ಕಾರ್ಡಿನಲ್ಲಿ ಒಂದಕ್ಕಿಂತ ಜಾಸ್ತಿ ತೂತು. ಅವೆಲ್ಲ ರದ್ದು. ಅಂತರ ಎಷ್ಟು ಅಂದೆ? 537.

ಒಳ್ಳೆಯದು ಮಾಡಲು ಹೋಗಿ ಆದ ಎಡವಟ್ಟು ಇದು. ಆ ಮತಪತ್ರ ರೂಪಿಸಿದ ಅಧಿಕಾರಿ ಆಗ ಗೋರ್ ಅವರದ್ದೇ ಪಕ್ಷದವರು. ಪಿತೂರಿ ಹುಡುಕುವವರಿಗೆ ನಿರಾಸೆ.

ನನ್ನ ಎಡಿಟರ್ ಆಗಲೇ ಕೈಗಡಿಯಾರ ತೋರಿಸುತ್ತಿದ್ದಾರೆ, ಹಾಗಾಗಿ ಕೋರ್ಟ್ ಕಥೆ ಒಂದೇ ಉಸಿರಿಗೆ. ಗೋರ್ ನಾಲ್ಕು ಕೌಂಟಿಯಲ್ಲಿ ಕೈಯೆಣಿಕೆ ಕೇಳಿದರು. ಫಲಿತಾಂಶಕ್ಕೆ ಸಹಿ ಹಾಕಬೇಕಾದ ಕ್ಯಾಥರೀನ್ ಹ್ಯಾರಿಸ್ ಅದೇ ರಾಜ್ಯದಲ್ಲಿ ಬುಷ್ ಪ್ರಚಾರದ ಸಹ ಅಧ್ಯಕ್ಷೆ. ಗವರ್ನರ್ ಬುಷ್ ಅವರ ತಮ್ಮ! ಡಿಸೆಂಬರ್ 12ಕ್ಕೆ ಸುಪ್ರೀಂ ಕೋರ್ಟ್ 5-4ರಲ್ಲಿ ಮರುಎಣಿಕೆಗೆ ತೆರೆ ಎಳೆಯಿತು. ಮಾರನೇ ದಿನ ಗೋರ್ ಸೋಲೊಪ್ಪಿದರು. ಆಮೇಲೆ ಪತ್ರಿಕೆಗಳೆಲ್ಲ ಸೇರಿ ಕಾರ್ಡುಗಳನ್ನು ಪರಿಶೀಲಿಸಿದವು. ಗೋರ್ ಕೇಳಿದ ಹಾಗೆ ಎಣಿಸಿದ್ದರೂ ಬುಷ್ ಗೆಲ್ಲುತ್ತಿದ್ದರು. ಅವರು ಕೇಳದೇ ಇದ್ದ ಹಾಗೆ, ಅಂದರೆ ಇಡೀ ರಾಜ್ಯದ ತಿರಸ್ಕೃತ ಕಾರ್ಡುಗಳನ್ನೆಲ್ಲ ಎಣಿಸಿದ್ದರೆ, ಗೋರ್ ಕೂದಲೆಳೆಯಲ್ಲಿ ಗೆಲ್ಲುವ ಸಾಧ್ಯತೆ ಇತ್ತು.

ಇಷ್ಟು ಹೊತ್ತು ನಾನೂ ನಿಮಗೆ ಚೂರಿನ ಕಥೆಯನ್ನೇ ಹೇಳಿದೆ. ಎಲ್ಲರೂ ಇದನ್ನೇ ಹೇಳುತ್ತಾರೆ. ಏಕೆಂದರೆ ಚೂರು ಕಣ್ಣಿಗೆ ಕಾಣುತ್ತೆ, ಫೋಟೋ ತೆಗೆಯಬಹುದು. ಬೂತಿನ ಬಾಗಿಲಿಂದ ವಾಪಸ್ ಹೋದವರ ಕಾರ್ಡು ಎಲ್ಲಿದೆ, ಭೂತಗನ್ನಡಿ ಹಿಡಿಯೋಕೆ?

ಆಗ ಫ್ಲೋರಿಡಾದಲ್ಲಿ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಜೈಲಿಂದ ಬಂದ ಮೇಲೂ ವೋಟಿಲ್ಲ, ಸರ್ಕಾರ ದಯೆ ತೋರಿ ಹಕ್ಕು ವಾಪಸ್ ಕೊಡುವ ತನಕ. ಅಂಥವರನ್ನು ಪಟ್ಟಿಯಿಂದ ತೆಗೆಯಲು ಒಂದು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟರು. ಹೆಸರು ಪೂರ್ತಿ ಹೊಂದದಿದ್ದರೂ ನಡೆಯುತ್ತೆ ಅನ್ನುವ ಲೆಕ್ಕ. ನಮ್ಮಲ್ಲಿ ಮಂಜುನಾಥ ಬದಲು ಮಂಜಣ್ಣನನ್ನು ತೆಗೆದ ಹಾಗೆ. ಮ್ಯಾಡಿಸನ್ ಕೌಂಟಿಯ ಚುನಾವಣಾಧಿಕಾರಿಗೆ ಅಪರಾಧಿಗಳ ಸಾಲಿನಲ್ಲಿ ತಮ್ಮದೇ ಹೆಸರು ಸಿಕ್ಕಿತು! ಕೆಲವು ಕೌಂಟಿಯವರು ಆ ಪಟ್ಟಿಯನ್ನು ಮುಟ್ಟಲೇ ಇಲ್ಲ. 2001ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ, ಬೂತಿನೊಳಗೆ ಹೋಗಿ ವೋಟು ಹಾಕಿದವರಲ್ಲೂ ಕಪ್ಪು ಮತದಾರರ ವೋಟು ರದ್ದಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಹತ್ತು ಪಟ್ಟು ಅಂತ ಅಂದಾಜು ಮಾಡಿತು. ಆಯೋಗದ ಇಬ್ಬರು ಸದಸ್ಯರು ಈ ಲೆಕ್ಕ ಒಪ್ಪಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

2002ರ ಕಾನೂನಿನಿಂದ ಪಂಚ್ ಕಾರ್ಡು ಮೂಲೆ ಸೇರಿತು. ಪಟ್ಟಿಯಲ್ಲಿ ಹೆಸರಿಲ್ಲ ಅಂದರೂ ಸದ್ಯಕ್ಕೆ ವೋಟು ಹಾಕಿ, ಆಮೇಲೆ ಪರಿಶೀಲಿಸುತ್ತೇವೆ ಅನ್ನುವ ವ್ಯವಸ್ಥೆ ಬಂತು. 2018ರಲ್ಲಿ ಫ್ಲೋರಿಡಾದ ಜನರೇ ಸುಮಾರು 65 ಪರ್ಸೆಂಟ್ ವೋಟು ಹಾಕಿ, ಕೊಲೆ ಮತ್ತು ಲೈಂಗಿಕ ಅಪರಾಧ ಬಿಟ್ಟು ಬೇರೆಯವುಗಳಲ್ಲಿ ಶಿಕ್ಷೆ ಮುಗಿಸಿದವರಿಗೆ ಹಕ್ಕು ವಾಪಸ್ ಕೊಟ್ಟರು. ಮರುವರ್ಷವೇ ಅಲ್ಲಿನ ಶಾಸಕರು ಒಂದು ಷರತ್ತು ಸೇರಿಸಿದರು: ಕೋರ್ಟಿನ ದಂಡ, ಶುಲ್ಕ ಎಲ್ಲ ಕಟ್ಟಿರಬೇಕು.

ಸರಿ, ಕಟ್ಟೋಣ. ಎಷ್ಟು ಬಾಕಿ ಇದೆ? ಅದನ್ನು ಒಂದೇ ಕಡೆ ನೋಡಿ ಹೇಳುವ ದಾಖಲೆ ರಾಜ್ಯದ ಹತ್ತಿರ ಇರಲಿಲ್ಲ. ಹಳೇ ಕೇಸಾದರೆ ಒಂದೊಂದು ಕೌಂಟಿಯ ಕಚೇರಿಗೂ ಅಲೆದು, ಧೂಳು ಹಿಡಿದ ಫೈಲು ತೆಗೆಸಬೇಕು.