ಡೂಮ್ ಮುಖವಾಡದ ಹಿಂದೆ ಟೋನಿ ಸ್ಟಾರ್ಕ್ ಇರಬಾರದು

ಖಾಲಿ ಕುರ್ಚಿಗಳು. ಶೂಟಿಂಗ್ ಜಾಗದಲ್ಲಿ ಹಾಕುತ್ತಾರಲ್ಲ, ಬಟ್ಟೆಯ ಬೆನ್ನಿನ ಮೇಲೆ ನಟರ ಹೆಸರು ಬರೆದಿರುವ ಕುರ್ಚಿ, ಅಂಥವು. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ. ಒಂದು ಹೆಸರು ಕಾಣುತ್ತದೆ. ಅಲ್ಲೇ ನಿಲ್ಲುತ್ತದೆ. ಎಷ್ಟೋ ಹೊತ್ತಾದ ಮೇಲೆ ಇನ್ನೊಂದು ಕುರ್ಚಿ. 2025ರ ಮಾರ್ಚ್ 26ರಂದು ಮಾರ್ವೆಲ್ ಇದನ್ನು ಐದು ಗಂಟೆಗಿಂತ ಜಾಸ್ತಿ ಹೊತ್ತು ಲೈವ್ ತೋರಿಸಿತು. ಒಟ್ಟು 27 ಕುರ್ಚಿ. ಮೊದಲನೆಯದು ಕ್ರಿಸ್ ಹೆಮ್ಸ್‌ವರ್ತ್, ಕೊನೆಯದು ರಾಬರ್ಟ್ ಡೌನಿ ಜೂನಿಯರ್. ಡೌನಿ ಮಾತ್ರ ಖುದ್ದಾಗಿ ಬಂದು ಕೂತರು. ಅಷ್ಟು ಹೊತ್ತಿಗೆ ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಕುರ್ಚಿ ನೋಡುವುದಕ್ಕೆ ನಿದ್ದೆಗೆಟ್ಟವರಲ್ಲಿ ನಾನೂ ಒಬ್ಬ, ಅದರಲ್ಲಿ ಮುಚ್ಚಿಡುವುದೇನಿದೆ.

ಸಿನಿಮಾ ಯಾವುದು ಅಂತ ಹೇಳಬೇಕಾಗಿಲ್ಲ. ಅವೆಂಜರ್ಸ್: ಡೂಮ್ಸ್‌ಡೇ. ಬಿಡುಗಡೆ 2026ರ ಡಿಸೆಂಬರ್ 18. ಎಂಡ್‌ಗೇಮ್ ಬಂದು ಏಳು ವರ್ಷ ಆದ ಮೇಲೆ ಬರುತ್ತಿರುವ ಅವೆಂಜರ್ಸ್. ಅವತ್ತು ಬೆರಳು ಚಿಟಿಕೆ ಹೊಡೆದು ಸತ್ತುಹೋದ ಐರನ್ ಮ್ಯಾನ್, ಅಂದರೆ ಟೋನಿ ಸ್ಟಾರ್ಕ್, ಪಾತ್ರ ಮಾಡಿದ ಡೌನಿಯೇ ಈಗ ವಿಲನ್, ಡಾಕ್ಟರ್ ಡೂಮ್.

ಆ ಕುರ್ಚಿಗಳನ್ನು ತೋರಿಸಿದ ದಿನದಿಂದ ಅಭಿಮಾನಿಗಳ ಲೆಕ್ಕಾಚಾರ ಹೇಗಿದೆ ಅಂದರೆ, ಹಳೇ ಎಕ್ಸ್-ಮೆನ್ ಸಿನಿಮಾಗಳ ಪ್ಯಾಟ್ರಿಕ್ ಸ್ಟುವರ್ಟ್ ಹೆಸರಿನ ಕುರ್ಚಿ ಇತ್ತು, ಹಾಗಾಗಿ ಅವರು ಸಿನಿಮಾದಲ್ಲಿ ಇದ್ದಾರೆ. ಹ್ಯೂ ಜಾಕ್‌ಮನ್ ಹೆಸರಿನ ಕುರ್ಚಿ ಇರಲಿಲ್ಲ, ಬೇಕಂತಲೇ ಮುಚ್ಚಿಟ್ಟಿದ್ದಾರೆ, ಹಾಗಾಗಿ ಅವರೂ ಇದ್ದಾರೆ. ಟಾಮ್ ಹಾಲಂಡ್ ಕುರ್ಚಿಯೂ ಇರಲಿಲ್ಲ, ಅಂದಮೇಲೆ ಖಂಡಿತ ಇದ್ದಾರೆ. ಈ ಲೆಕ್ಕದಲ್ಲಿ ನಾನೂ ಇದ್ದೇನೆ, ನೀವೂ ಇದ್ದೀರಿ.

ಊಹೆ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಮಜಾ ಇದೆ. ಒಮ್ಮೊಮ್ಮೆ ಅಭಿಮಾನಿಗಳು ಪೊಲೀಸರಿಗಿಂತ ಚುರುಕು. 2021ರಲ್ಲಿ ಹಳೇ ಸ್ಪೈಡರ್‌ಮ್ಯಾನ್ ಆಂಡ್ರ್ಯೂ ಗಾರ್ಫೀಲ್ಡ್ ಹೋದಲ್ಲೆಲ್ಲ ಟಾಮ್ ಹಾಲಂಡ್‌ನ ಸ್ಪೈಡರ್‌ಮ್ಯಾನ್ ಸಿನಿಮಾ 'ನೋ ವೇ ಹೋಮ್'ನಲ್ಲಿ ನಾನಿಲ್ಲ ಅಂತ ಹೇಳಿಕೊಂಡು ಓಡಾಡುತ್ತಿದ್ದರು. ಆಮೇಲೆ ಬ್ರೆಜಿಲ್‌ನಲ್ಲಿ ಬಿಟ್ಟ ಟ್ರೈಲರ್‌ನಲ್ಲಿ ಒಂದು ತಮಾಷೆ ಆಯಿತು. ವಿಲನ್ ಲಿಜರ್ಡ್ ಎದುರಿಗೆ ಯಾರೂ ಇಲ್ಲ, ಆದರೂ ಒದೆ ಬಿದ್ದ ಹಾಗೆ ಅವನ ತಲೆ ಪಟ್ಟನೆ ಹಿಂದಕ್ಕೆ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಒಬ್ಬ ಸ್ಪೈಡರ್‌ಮ್ಯಾನ್‌ನನ್ನು ಅಳಿಸಿದ್ದರು, ಏಟು ತಿಂದ ತಲೆಯನ್ನು ಹಾಗೇ ಬಿಟ್ಟಿದ್ದರು! ಪಾಪ ಗಾರ್ಫೀಲ್ಡ್, ಅದಾದ ಮೇಲೂ ಇಲ್ಲ ಅಂತಲೇ ಹೇಳಬೇಕಾಯಿತು.

ಗಾರ್ಫೀಲ್ಡ್ ಬಂದರು, ಸಿಳ್ಳೆ ಬಿತ್ತು, ಸರಿ. ಆದರೆ ಇವತ್ತಿಗೂ ನೆನಪಿರುವುದು ಅವರು ಬಂದ ಕ್ಷಣ ಅಲ್ಲ. ನಾಯಕಿ ಎಂಜೆ ಮೇಲಿನಿಂದ ಬೀಳುತ್ತಾಳೆ. ಹಾಲಂಡ್‌ನ ಪೀಟರ್ (ಸ್ಪೈಡರ್‌ಮ್ಯಾನ್‌ನ ನಿಜ ಹೆಸರು) ಹಿಡಿಯಲು ಹಾರುತ್ತಾನೆ, ವಿಲನ್ ಗಾಬ್ಲಿನ್ ಅಡ್ಡ ಬರುತ್ತಾನೆ. ಆಗ ಗಾರ್ಫೀಲ್ಡ್‌ನ ಪೀಟರ್ ಹಾರಿ ಅವಳನ್ನು ಹಿಡಿದು ನೆಲಕ್ಕೆ ಇಳಿಸುತ್ತಾನೆ. 2014ರ ಸಿನಿಮಾದಲ್ಲಿ ಇದೇ ಮನುಷ್ಯನ ಕಣ್ಣೆದುರು ಅವನ ಪ್ರೇಯಸಿ ಗ್ವೆನ್ ಹೀಗೇ ಬಿದ್ದು ಸತ್ತಿದ್ದಳು. ಅವತ್ತು ಅವನ ಬಲೆ ತಲುಪುವುದು ತಡವಾಗಿತ್ತು. ಈಗ ಅವನು ಎಂಜೆಗೆ ಏನೂ ಆಗಲಿಲ್ಲ ತಾನೇ ಅಂತ ಕೇಳುತ್ತಾನೆ. ಅವಳು ಅವನ ಮುಖ ನೋಡಿ, ನಿನಗೆ ಏನೂ ಆಗಿಲ್ಲ ತಾನೇ ಅಂತ ವಾಪಸ್ ಕೇಳುತ್ತಾಳೆ. ಅವನ ಕಣ್ಣು ತುಂಬಿರುತ್ತದೆ. ಏಳು ವರ್ಷದ ಹಿಂದಿನ ಒಂದು ಸೋಲಿಗೆ ಸಿಕ್ಕ ಉತ್ತರ ಅದು. ಆ ನಟ ಅಲ್ಲಿ ಇರಲೇಬೇಕಿತ್ತು. ಬೇರೆ ಯಾರು ಹಿಡಿದಿದ್ದರೂ ಅದು ಬರೀ ಸ್ಟಂಟ್.

ಇದಕ್ಕೆ ಉಲ್ಟಾ ಉದಾಹರಣೆ ಜಾನ್ ಕ್ರಾಸಿನ್ಸ್‌ಕಿ. ಫೆಂಟಾಸ್ಟಿಕ್ ಫೋರ್ ತಂಡದ ನಾಯಕ ರೀಡ್ ರಿಚರ್ಡ್ಸ್ ಪಾತ್ರಕ್ಕೆ ಅವರೇ ಬೇಕು ಅಂತ ಅಭಿಮಾನಿಗಳು ವರ್ಷಗಟ್ಟಲೆ ಹಟ ಹಿಡಿದಿದ್ದರು. 2022ರಲ್ಲಿ ಡಾಕ್ಟರ್ ಸ್ಟ್ರೇಂಜ್ ಎರಡನೇ ಸಿನಿಮಾದಲ್ಲಿ ಮಾರ್ವೆಲ್ 'ತಗೊಳ್ಳಿ' ಅಂತ ಕೊಟ್ಟೇಬಿಟ್ಟಿತು. ಬಂದರು, ನಾಲ್ಕು ಮಾತಾಡಿದರು, ಮಾಟಗಾತಿ ವಾಂಡಾ ಅವರನ್ನು ಒತ್ತು ಶಾವಿಗೆ ಥರ ಎಳೆ ಎಳೆಯಾಗಿ ಸೀಳಿ ಹಾಕಿದಳು. ಮುಗೀತು. ಅಭಿಮಾನಿಗಳ ಆಸೆ ಈಡೇರಿತು, ಕಥೆಗೆ ಒಂದು ಪೈಸೆ ಲಾಭ ಆಗಲಿಲ್ಲ. ಈಗ ಆ ಪಾತ್ರದಲ್ಲಿ ಪೆಡ್ರೊ ಪ್ಯಾಸ್ಕಲ್ ಇದ್ದಾರೆ, ಕ್ರಾಸಿನ್ಸ್‌ಕಿ ಹೆಸರು ಯಾರೂ ಎತ್ತುವುದಿಲ್ಲ.

ಹಾಗಾಗಿ ಯಾವುದೇ ಥಿಯರಿ ಕಿವಿಗೆ ಬಿದ್ದರೂ ನಾನು ಕೇಳುವುದು ಒಂದೇ ಪ್ರಶ್ನೆ. ಇದು ನಿಜ ಆದರೆ, ಎರಡನೇ ಸಲ ಸಿನಿಮಾ ನೋಡುವಾಗ ಏನು ಉಳಿಯುತ್ತದೆ? ಮೊದಲ ದಿನದ ಸಿಳ್ಳೆ ಮೊದಲ ದಿನಕ್ಕೇ ಮುಗಿದುಹೋಗುತ್ತದೆ.

ಈ ಪ್ರಶ್ನೆ ಮುಂದೆ ಇಟ್ಟುಕೊಂಡು ನೋಡಿದರೆ, ಎಲ್ಲಕ್ಕಿಂತ ಜಾಸ್ತಿ ಓಡುತ್ತಿರುವ ಥಿಯರಿಯೇ ನನಗೆ ಎಲ್ಲಕ್ಕಿಂತ ಸಪ್ಪೆ ಅನಿಸುತ್ತದೆ. ಡೂಮ್ ಅಂದರೆ ಬೇರೊಂದು ಯೂನಿವರ್ಸ್‌ನ ಟೋನಿ ಸ್ಟಾರ್ಕ್ ಅನ್ನುವ ಥಿಯರಿ. ಇದಕ್ಕೆ ಆಧಾರ ಏನು? 2024ರ ಜುಲೈನಲ್ಲಿ ಸ್ಯಾನ್ ಡಿಯಾಗೋ ಕಾಮಿಕ್-ಕಾನ್ ವೇದಿಕೆ ಮೇಲೆ ಡೌನಿ ಮುಖವಾಡ ತೆಗೆದು 'ನ್ಯೂ ಮಾಸ್ಕ್, ಸೇಮ್ ಟಾಸ್ಕ್' ಅಂದರು. ಅಷ್ಟೇ. ಪ್ರಾಸ ಚೆನ್ನಾಗಿದೆ ಅಂತ ಹೇಳಿದ ಒಂದು ಸಾಲಿನ ಮೇಲೆ ಜನ ಮೂರು ಅಂತಸ್ತು ಕಟ್ಟಿದ್ದಾರೆ.

ಇನ್ನೊಂದು ಗುಂಪು ಇದೆ. 2008ರ ಐರನ್ ಮ್ಯಾನ್‌ನಿಂದಲೇ ಇದೆಲ್ಲ ಪ್ಲಾನ್ ಆಗಿತ್ತು ಅನ್ನುವವರು. ಸ್ವಾಮಿ, ಅದಾಗಿ ಹದಿನಾಲ್ಕು ವರ್ಷ ಕಳೆದ ಮೇಲೂ ಪ್ಲಾನ್ ಆಗಿರಲಿಲ್ಲ! 2022ರಲ್ಲಿ ಈ ಸಿನಿಮಾದ ಹೆಸರು 'ದಿ ಕ್ಯಾಂಗ್ ಡೈನಾಸ್ಟಿ' ಅಂತ ಘೋಷಣೆ ಆಗಿತ್ತು. ವಿಲನ್ ಕ್ಯಾಂಗ್, ನಟ ಜೊನಾಥನ್ ಮೇಜರ್ಸ್. 2023ರ ಡಿಸೆಂಬರ್‌ನಲ್ಲಿ ಹಲ್ಲೆ ಕೇಸಿನಲ್ಲಿ ಮೇಜರ್ಸ್ ತಪ್ಪಿತಸ್ಥ ಅಂತ ತೀರ್ಪು ಬಂತು, ಮಾರ್ವೆಲ್ ಅವರನ್ನು ಕೈಬಿಟ್ಟಿತು. ಆಮೇಲೆ ಎಂಡ್‌ಗೇಮ್ ನಿರ್ದೇಶಿಸಿದ ರೂಸೋ ಸಹೋದರರನ್ನು ಕರೆತಂದರು, ಡೌನಿಯನ್ನು ಕರೆತಂದರು, ಹೆಸರು ಬದಲಿಸಿದರು. ಮನೆಗೆ ಬೆಂಕಿ ಬಿದ್ದಾಗ ಕೈಗೆ ಸಿಕ್ಕಿದ ಬೆಲೆಬಾಳುವ ವಸ್ತು ಹಿಡಿದುಕೊಂಡು ಓಡಿದ್ದು, ಹದಿನಾರು ವರ್ಷದ ಮಾಸ್ಟರ್ ಪ್ಲಾನ್ ಅಲ್ಲ. ಹಳೇ ಐರನ್ ಮ್ಯಾನ್ ಸಿನಿಮಾದಲ್ಲಿ ಡೂಮ್‌ನ ಹಸಿರು ಬಣ್ಣ ಹುಡುಕಿ ಕೆಂಪು ವೃತ್ತ ಹಾಕುವವರು ಈ ತಾರೀಖುಗಳನ್ನು ಒಮ್ಮೆ ನೋಡಿದರೆ ಒಳ್ಳೆಯದು.

ಒಂದೇ ಮುಖ ಅಂದರೆ ಒಬ್ಬನೇ ಮನುಷ್ಯ ಆಗಬೇಕಿಲ್ಲ ಅಂತ ಮಾರ್ವೆಲ್ ತಾನೇ ತೋರಿಸಿದೆ. 'ಡೆಡ್‌ಪೂಲ್ ಆ್ಯಂಡ್ ವುಲ್ವರಿನ್'ನಲ್ಲಿ ಕ್ರಿಸ್ ಇವಾನ್ಸ್ ಬಂದಾಗ ಡೆಡ್‌ಪೂಲ್ ಕ್ಯಾಪ್ಟನ್ ಅಮೆರಿಕಾ ಬಂದ ಅಂತ ಕುಣಿಯುತ್ತಾನೆ. ನೋಡಿದರೆ ಅವನು ಜಾನಿ ಸ್ಟಾರ್ಮ್, 2005ರ ಫೆಂಟಾಸ್ಟಿಕ್ ಫೋರ್‌ನ ಹುಡುಗ. ಇನ್ನು ನಾವಂತೂ ಡಬಲ್ ಆಕ್ಟಿಂಗ್ ನೋಡಿಕೊಂಡೇ ಬೆಳೆದವರು. ಒಬ್ಬರೇ ನಟ ಎರಡು ಪಾತ್ರ ಮಾಡಿದರೆ ನಮಗೆ ಯಾರೂ ಮಲ್ಟಿವರ್ಸ್ ಪಾಠ ಮಾಡಬೇಕಾಗಿಲ್ಲ.

ಟೋನಿ ಥಿಯರಿ ನಿಜ ಆದರೆ ನಷ್ಟ ಏನು ಅಂತ ಕೇಳಿ. ಡೂಮ್ ನಷ್ಟ. ವಿಕ್ಟರ್ ವಾನ್ ಡೂಮ್ 1962ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಸೃಷ್ಟಿಸಿದ ಪಾತ್ರ. ಲ್ಯಾಟ್ವೇರಿಯಾ ಅನ್ನುವ ಪುಟ್ಟ ದೇಶದ ರೊಮಾನಿ ಅಲೆಮಾರಿ ಕುಟುಂಬದ ಹುಡುಗ. ಚಿಕ್ಕವನಿದ್ದಾಗಲೇ ತಾಯಿ ಇಲ್ಲ, ಆಮೇಲೆ ತಂದೆಯೂ ಇಲ್ಲ. ಅಮೆರಿಕದಲ್ಲಿ ಓದುವಾಗ ಸತ್ತ ತಾಯಿಯನ್ನು ತಲುಪುವುದಕ್ಕೆ ಒಂದು ಯಂತ್ರ ಕಟ್ಟುತ್ತಾನೆ. ಜೊತೆಗೆ ಓದುತ್ತಿದ್ದ ರೀಡ್ ರಿಚರ್ಡ್ಸ್ ಅವನ ಕಾಗದ ನೋಡಿ, ನಿನ್ನ ಲೆಕ್ಕ ತಪ್ಪಿದೆ ಅಂತ ಹೇಳುತ್ತಾನೆ. ಇವನು ಕೇಳುವುದಿಲ್ಲ. ಯಂತ್ರ ಸಿಡಿಯುತ್ತದೆ, ಮುಖ ಸುಡುತ್ತದೆ. ಆದರೂ ತಪ್ಪು ನನ್ನದು ಅಂತ ಒಪ್ಪುವುದಿಲ್ಲ, ರೀಡ್‌ನನ್ನೇ ದೂರುತ್ತಾನೆ. ಲೋಹದ ಮುಖವಾಡ ಮಾಡಿಸಿಕೊಂಡು, ಅದು ಪೂರ್ತಿ ಆರುವ ಮೊದಲೇ ಮುಖಕ್ಕೆ ಹಾಕಿಕೊಳ್ಳುತ್ತಾನೆ. ಕರ್ಬಿ ಮನಸ್ಸಿನಲ್ಲಿ ಇದ್ದದ್ದು ಇನ್ನೂ ಚೆನ್ನಾಗಿದೆ. ನಿಜಕ್ಕೂ ಅವನ ಮುಖದ ಮೇಲೆ ಇದ್ದದ್ದು ಒಂದು ಸಣ್ಣ ಗಾಯದ ಗುರುತು ಅಷ್ಟೇ. ಅಷ್ಟನ್ನೂ ಸಹಿಸದ ಜಂಬ ಅವನದು.

ಛಲದೊಳ್ ದುರ್ಯೋಧನಂ ಅಂತ ಕೇಳಿಕೊಂಡು ಬಂದ ನಮಗೆ ಇಂಥವನು ಹೊಸಬನಲ್ಲ, ಅಲ್ವಾ? ಮುಖವಾಡ ತೆಗೆದಾಗ ಅಲ್ಲಿ ಸುಮ್ನೆ ಟೋನಿ ಇದ್ದರೆ ಈ ತಾಯಿ, ಈ ಯಂತ್ರ, ಈ ಹಟ ಎಲ್ಲ ನೀರಿಗೆ ಹೋದ ಹಾಗೆ. ಎಂಡ್‌ಗೇಮ್‌ನ ಸಾವೂ ಅಗ್ಗ ಆಗುತ್ತದೆ.

ಹಾಗಾದರೆ ಡೌನಿಯ ಮುಖ ಪ್ರೇಕ್ಷಕರಿಗೆ ಮಾತ್ರ ಪರಿಚಿತ, ಪಾತ್ರಗಳಿಗೆ ಅಲ್ಲ ಅಂತ ಇಟ್ಟುಬಿಡಬಹುದು. ಇಲ್ಲವೇ ಮುಖವಾಡವನ್ನು ಕೊನೆಯವರೆಗೂ ತೆಗೆಯದೆ ಇರಬಹುದು. ಎರಡೂ ನನಗೆ ಓಕೆ. ಅಷ್ಟು ಸಂಭಾವನೆ ಕೊಟ್ಟು ಮುಖ ತೋರಿಸದೆ ಇರುತ್ತಾರಾ ಅನ್ನುವುದು ಬೇರೆ ಮಾತು.

ನನಗೆ ಇಷ್ಟವಾದ ಥಿಯರಿ ಬೇರೆ ಇದೆ. ಅದು ಮಕ್ಕಳ ಥಿಯರಿ. 2025ರ 'ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್' ಮುಗಿದ ಮೇಲೆ ಒಂದು ಸಣ್ಣ ದೃಶ್ಯ ಬರುತ್ತದೆ. ರೀಡ್‌ನ ಹೆಂಡತಿ ಸೂ ತನ್ನ ಮಗ ಫ್ರಾಂಕ್ಲಿನ್‌ಗೆ ಪುಸ್ತಕ ಓದುತ್ತಿದ್ದಾಳೆ. ಇನ್ನೊಂದು ಪುಸ್ತಕ ತರೋಣ ಅಂತ ಎದ್ದು ಹೋಗುತ್ತಾಳೆ. ವಾಪಸ್ ಬಂದರೆ ಹಸಿರು ನಿಲುವಂಗಿಯ ಒಬ್ಬ ಮಗುವಿನ ಮುಂದೆ ಮಂಡಿಯೂರಿದ್ದಾನೆ. ಮುಖವಾಡ ಅವನ ಕೈಯಲ್ಲಿದೆ. ಮಗು ಅವನ ಮುಖ ಮುಟ್ಟುತ್ತಿದೆ, ಹೆದರಿಲ್ಲ. ನಮಗೆ ಕಾಣುವುದು ಬರೀ ಬೆನ್ನು. ಜಗತ್ತಿಗೇ ಮುಖ ತೋರಿಸದ ಮನುಷ್ಯ ಒಂದು ಮಗುವಿಗೆ ತೋರಿಸುತ್ತಿದ್ದಾನೆ! ಡೌನಿ ಹೆಸರಿನ ಗದ್ದಲದಲ್ಲಿ ಈ ಚಿಕ್ಕ ವಿಷಯವನ್ನು ಹೆಚ್ಚು ಜನ ಗಮನಿಸಲೇ ಇಲ್ಲ.

ಆಮೇಲೆ ಟೀಸರ್‌ಗಳು ಬಂದವು. ಮೊದಲನೆಯದರಲ್ಲಿ ಸ್ಟೀವ್ ರಾಜರ್ಸ್, ಅಂದರೆ ಇವಾನ್ಸ್ ಮಾಡಿದ ಕ್ಯಾಪ್ಟನ್ ಅಮೆರಿಕಾ, ಬೈಕಿನಲ್ಲಿ ಮನೆಗೆ ಬರುತ್ತಾನೆ, ಹಳೆಯ ಸೂಟ್ ನೋಡುತ್ತಾನೆ, ಎಳೆ ಮಗುವನ್ನು ಎತ್ತಿಕೊಂಡು ನಿಲ್ಲುತ್ತಾನೆ. ಇನ್ನೊಂದರಲ್ಲಿ ಥಾರ್ ಮಗಳ ಹತ್ತಿರ ಮರಳಿ ಹೋಗುವಷ್ಟು ಶಕ್ತಿ ಕೊಡು ಅಂತ ತೀರಿಹೋದ ಅಪ್ಪನನ್ನು ಬೇಡಿಕೊಳ್ಳುತ್ತಾನೆ. ರೀಡ್, ಸ್ಟೀವ್, ಥಾರ್. ಮೂವರೂ ಅಪ್ಪಂದಿರು. ಎದುರಿಗೆ ನಿಂತಿರುವವನು ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡವನು. ಕಥೆ ಇಲ್ಲೇ ಇದೆ ಅಂತ ನನ್ನ ಊಹೆ.

ಅದರಲ್ಲೂ ಸ್ಟೀವ್ ಎಳೆ ನೋಡಿ. ಎಂಡ್‌ಗೇಮ್ ಕೊನೆಯಲ್ಲಿ ಅವನು ಇನ್ಫಿನಿಟಿ ಕಲ್ಲುಗಳನ್ನು ವಾಪಸ್ ಇಡುವುದಕ್ಕೆ ಹಿಂದಿನ ಕಾಲಕ್ಕೆ ಹೋಗಿ, ಹಳೇ ಪ್ರೇಯಸಿ ಪೆಗ್ಗಿ ಜೊತೆ ಅಲ್ಲೇ ಉಳಿದುಬಿಟ್ಟ. ಎಷ್ಟು ಸಿಹಿಯಾದ ಅಂತ್ಯ. ಆದರೆ ಅವನು ಉಳಿದದ್ದು ಎಲ್ಲಿ? ಬೇರೆ ಟೈಮ್‌ಲೈನ್‌ನಲ್ಲಿ ಅಂತ ನಿರ್ದೇಶಕರಾದ ರೂಸೋ ಸಹೋದರರು ಹೇಳಿದರು. ಇಲ್ಲ, ಇದೇ ಟೈಮ್‌ಲೈನ್‌ನಲ್ಲಿ ಅಂತ ಅದನ್ನು ಬರೆದವರು ಹೇಳಿದರು. ಆ ಬರಹಗಾರರಲ್ಲಿ ಒಬ್ಬರಾದ ಸ್ಟೀಫನ್ ಮೆಕ್‌ಫೀಲಿ ಡೂಮ್ಸ್‌ಡೇಗೂ ಬರೆದಿದ್ದಾರೆ, ನಿರ್ದೇಶಕರೂ ಅದೇ ರೂಸೋಗಳು. ಬಾಕಿ ಉಳಿದ ಜಗಳ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ಡಾಕ್ಟರ್ ಸ್ಟ್ರೇಂಜ್ ಎರಡನೇ ಸಿನಿಮಾ ಹೇಳಿದ ಹಾಗೆ, ಒಬ್ಬ ತನ್ನದಲ್ಲದ ಯೂನಿವರ್ಸ್‌ನಲ್ಲಿ ಹೆಜ್ಜೆ ಊರಿದರೆ ಎರಡು ಯೂನಿವರ್ಸ್ ಡಿಕ್ಕಿ ಹೊಡೆದು ನಾಶ ಆಗಬಹುದು. ಹಾಗಾದರೆ ಪೆಗ್ಗಿ ಜೊತೆಗಿನ ಆ ಒಂದು ಡ್ಯಾನ್ಸ್‌ಗೆ ಯಾರು ಬೆಲೆ ತೆತ್ತರು? ಡೂಮ್ ಬಂದು ಸ್ಟೀವ್‌ಗೆ, ನಿನ್ನ ಮಗು ನಕ್ಕರೆ ನನ್ನ ಊರು ಅಳಿಯುತ್ತದೆ ಅಂತ ಹೇಳಿದರೆ? ಅವನ ಮಾತು ನಿಜವೂ ಆಗಿದ್ದರೆ? ಆಗ ಕ್ರಿಸ್ ಇವಾನ್ಸ್ ವಾಪಸ್ ಬಂದದ್ದಕ್ಕೆ ಅರ್ಥ ಇರುತ್ತದೆ. ಇದನ್ನು ಎರಡನೇ ಸಲ ಅಲ್ಲ, ನಾಲ್ಕನೇ ಸಲವೂ ನೋಡಬಹುದು.

ಎಕ್ಸ್-ಮೆನ್ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಅಷ್ಟು ಜನರಲ್ಲಿ ಒಬ್ಬರಿಗೆ ನ್ಯಾಯ ಸಿಗಲಿ. ಜೇಮ್ಸ್ ಮಾರ್ಸ್‌ಡನ್, ಸೈಕ್ಲಾಪ್ಸ್. ಕಾಮಿಕ್ಸ್‌ನಲ್ಲಿ ತಂಡದ ನಾಯಕ, 2006ರ ಸಿನಿಮಾದಲ್ಲಿ ಶುರುವಿನಲ್ಲೇ ಕಥೆಯಿಂದ ಔಟ್. ಈ ಸಲವಾದರೂ ಅವರು ಒಂದು ಆರ್ಡರ್ ಕೊಡಲಿ, ಉಳಿದವರು ಪಾಲಿಸಲಿ.

ಟೀಸರ್ ನೋಡಿ ಫ್ರೇಮ್ ಫ್ರೇಮ್ ಬಿಡಿಸುವವರಿಗೆ ಒಂದು ಮಾತು. ಇನ್ಫಿನಿಟಿ ವಾರ್ ಟ್ರೈಲರ್‌ನಲ್ಲಿ ಹಲ್ಕ್ ವಕಾಂಡಾ ಬಯಲಲ್ಲಿ ಎಲ್ಲರ ಜೊತೆ ಓಡಿ ಬರುತ್ತಿದ್ದ. ಸಿನಿಮಾದಲ್ಲಿ ಆ ದೃಶ್ಯವೇ ಇರಲಿಲ್ಲ. ಇದೇ ರೂಸೋಗಳ ಕೆಲಸ. 'ವಾಂಡಾವಿಷನ್' ಬಂದಾಗ ಮೊಲದಲ್ಲೂ ಕಾಮಿಕ್ಸ್ ವಿಲನ್ ಮೆಫಿಸ್ಟೊನನ್ನು ಕಂಡವರು ನಾವು. ಮೊಲ ಕೊನೆಯವರೆಗೂ ಮೊಲವಾಗಿಯೇ ಇತ್ತು.

ಇನ್ನು ನಮ್ಮ ಕಡೆಯ ಒಂದು ಕಾಸ್ಟಿಂಗ್ ವಿಚಾರ. ಎಂಡ್‌ಗೇಮ್ ಇಂಡಿಯಾದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ. 2023ರಲ್ಲಿ ಸ್ಪೈಡರ್-ವರ್ಸ್ ಎರಡನೇ ಭಾಗ ಹತ್ತು ಭಾಷೆಯಲ್ಲಿ ಬಂದಾಗ ಕನ್ನಡವೂ ಇತ್ತು, ಹಾಗಾಗಿ ಆಸೆ ಇಟ್ಟುಕೊಳ್ಳಬಹುದು. ಡಬ್ಬಿಂಗ್‌ನಲ್ಲಿ ದೊಡ್ಡ ತಲೆನೋವು ತುಟಿ. ಮಾತು ಒಂದು ಕಡೆ, ತುಟಿ ಇನ್ನೊಂದು ಕಡೆ ಹೋದರೆ ನಗು ಬರುತ್ತದೆ. ಡೂಮ್‌ಗೆ ಮುಖವಾಡ ಇರುವವರೆಗೆ ಆ ಸಮಸ್ಯೆಯೇ ಇಲ್ಲ, ಬೇಕಾಗಿರುವುದು ದನಿ ಮಾತ್ರ. ನನ್ನ ವೋಟು ವಸಿಷ್ಠ ಸಿಂಹ ಅವರಿಗೆ. ಆ ಗುಡುಗಿನ ದನಿ ಲೋಹದ ಹಿಂದಿನಿಂದ ಬಂದರೆ ಥಿಯೇಟರ್ ಗಪ್‌ಚುಪ್ ಆಗುತ್ತದೆ. ನಿಮ್ಮ ಆಯ್ಕೆ ಬೇರೆ ಇದ್ದರೆ ಬರೆಯಿರಿ, ಜಗಳ ಆಡೋಣ. ಸಂಭಾಷಣೆ ಬರೆಯುವವರಿಗೆ ಮಾತ್ರ ಒಂದು ಬೇಡಿಕೆ. ಕಾಮಿಕ್ಸ್‌ನಲ್ಲಿ ಡೂಮ್ ಎಷ್ಟೋ ಸಲ 'ನಾನು' ಅನ್ನುವುದಿಲ್ಲ, ತನ್ನನ್ನು ತಾನೇ 'ಡೂಮ್' ಅಂತ ಕರೆದುಕೊಳ್ಳುತ್ತಾನೆ. 'ಡೂಮ್ ಕ್ಷಮೆ ಕೇಳುವುದಿಲ್ಲ' ಅಂತಲೇ ಬರೆಯಿರಿ. ಆ ಒಂದು ಜಂಬವನ್ನು ದಯವಿಟ್ಟು ಕತ್ತರಿಸಬೇಡಿ.