ಗ್ಯಾಸ್ ಗೀಸರ್ ಉರಿಯಲು ಗಾಳಿ ಎಲ್ಲಿಂದ ಬರಬೇಕು?

(ದೃಶ್ಯ: ಚಿಕ್ಕಮಗಳೂರಿನ ಒಂದು ಮನೆಯ ಬಚ್ಚಲು. ವೆಂಟಿಲೇಟರಿನ ಗಾಜಿನ ಪಟ್ಟಿಗಳ ನಡುವೆ ತುರುಕಿದ, ತೇವಕ್ಕೆ ಉಬ್ಬಿಕೊಂಡ ಹಳೆಯ ದಿನಪತ್ರಿಕೆ.)

ನಮಸ್ಕಾರ. ಆಷಾಢದ ಜಡಿಮಳೆ ಹಿಡಿದ ಮೇಲೆ ಥಂಡಿ ಗಾಳಿ ಒಳಗೆ ಬಾರದಿರಲೆಂದು ನಮ್ಮೂರಿನ ಮನೆಗಳಲ್ಲಿ ಹೀಗೆ ವೆಂಟಿಲೇಟರ್ ಮುಚ್ಚುವುದುಂಟು. ಅದೇ ಗೋಡೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಒಂದು ಕಿಲೋ ಎಲ್‌ಪಿಜಿ ಪೂರ್ಣವಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಹತ್ತು ನಿಮಿಷಕ್ಕೆ ಸುಮಾರು 150 ಗ್ರಾಂ ಅನಿಲವನ್ನು ಉರಿಸುತ್ತದೆ. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿರುವುದೇ ಸುಮಾರು 8 ಘನ ಮೀಟರ್ ಗಾಳಿ. ಒಂದು ಸ್ನಾನ ಮುಗಿಯುವಷ್ಟರಲ್ಲಿ ಅದರ ಆಮ್ಲಜನಕದ ಕಾಲುಭಾಗದಷ್ಟು ಖರ್ಚಾಗಿರುತ್ತದೆ. ಅಷ್ಟಾಗುವ ಮೊದಲೇ ಉರಿ ಅರೆಬರೆಯಾಗಿ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟತೊಡಗಬಹುದು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ತಲೆ ಸುತ್ತಿದವರಿಗೆ ಚಿಲಕ ತೆಗೆಯುವ ತ್ರಾಣವೂ ಉಳಿಯದೇ ಹೋಗಬಹುದು.

ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಕೋಣೆಯ ಗಾಳಿಯನ್ನೇ ಬಳಸುವುದಾದರೆ, ತಾಸಿಗೆ 1,000 ಬಿಟಿಯು (ಶಾಖವನ್ನು ಅಳೆಯುವ ಒಂದು ಮಾನ) ಉರಿಗೆ 50 ಘನ ಅಡಿ ಜಾಗವಿರಬೇಕೆನ್ನುವುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಅಳತೆ. ಅದೇ ಅಳತೆಯನ್ನು ಗೀಸರಿಗೂ ಹಿಡಿದು ನೋಡಿದರೆ, ನಮ್ಮ ಗೀಸರಿನ ಉರಿ ತಾಸಿಗೆ ಸುಮಾರು 40,000 ಬಿಟಿಯು, ಎಂದರೆ 2,000 ಘನ ಅಡಿ ಬೇಕು; ನಮ್ಮ ಬಚ್ಚಲು ಇರುವುದು 280. ಹಂಡೆಯೊಲೆಯ ಹಳೆಯ ಬಚ್ಚಲುಮನೆ ಹೊಗೆಯಿಂದ ಕಪ್ಪಾಗಿದ್ದರೂ ಹೆಂಚಿನ ಸಂದಿಗಳಿಂದ ಗಾಳಿಯಾಡುತ್ತಿತ್ತು. ಆರ್‌ಸಿಸಿ ಚಾವಣಿಗೆ ಆ ಸಂದಿಗಳಿಲ್ಲ.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನುವವರಿದ್ದಾರೆ. ಹೊಸ ಗಾಳಿ ಒಳಬರಲು ದಾರಿಯಿಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿದರೆ, ಹೊಗೆಕೊಳವೆ ಇದ್ದರೂ ಅದರೊಳಗಿನ ಹೊಗೆ ಹಿಂದಕ್ಕೆ ಕೋಣೆಗೇ ಇಳಿಯಬಹುದು.

ಆದ್ದರಿಂದ ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿಟ್ಟು ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರುವುದು ಸರಿಯಾದ ಕ್ರಮ. ಅದಾಗುವವರೆಗೆ ಬಾಗಿಲು, ವೆಂಟಿಲೇಟರ್ ಎರಡನ್ನೂ ತೆರೆದಿಟ್ಟು ಬಕೆಟ್ಟಿಗೆ ನೀರು ಹಿಡಿದು, ಗೀಸರ್ ಆರಿಸಿ, ಕೋಣೆಗೆ ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಬಾಗಿಲು ಹಾಕಿಕೊಳ್ಳಿ. ನೀಲಿ ಜ್ವಾಲೆ ಹಳದಿಗೆ ತಿರುಗಿದ್ದರೆ ಅಥವಾ ಡಬ್ಬಿಯ ಮೇಲೆ ಮಸಿ ಹಿಡಿದಿದ್ದರೆ ಮೆಕ್ಯಾನಿಕ್ ನೋಡುವವರೆಗೆ ಹಚ್ಚಲೇಬೇಡಿ.

ಒಳಗಿದ್ದವರು ಕೂಗಿದರೂ ಓಗೊಡದಿದ್ದರೆ ಬಾಗಿಲು ಒಡೆದಾದರೂ ಅವರನ್ನು ಬಯಲಿಗೆ ತನ್ನಿ. ಗ್ಯಾಸ್ ಬಂದ್ ಮಾಡಿ 108ಕ್ಕೆ ಕರೆ ಮಾಡಿ.