ಕಾಲಿಗೆ ತಕ್ಕ ತಾಳ

ಕೇಳುಗರಿಗೆಲ್ಲ ನಮಸ್ಕಾರ.

ಪಾರ್ಕಿನ್ಸನ್ ಕಾಯಿಲೆ ಇರುವವರ ಮನೆಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತೊಂದಿದೆ. "ಅಯ್ಯೋ, ಮತ್ತೆ ನಿಂತ್ರಲ್ಲ, ನಡೀರಿ ಮುಂದಕ್ಕೆ." ನಡುಮನೆಯಿಂದ ಅಡುಗೆಮನೆಗೆ ಹೊರಟವರು ಹೊಸಿಲ ಹತ್ತಿರ ಬಂದು ನಿಂತುಬಿಡುತ್ತಾರೆ. ಕಾಲಲ್ಲಿ ಬಲ ಇದೆ. ಹೋಗಬೇಕೆಂಬ ಮನಸ್ಸೂ ಇದೆ. ಆದರೆ ಪಾದ ಕದಲುವುದಿಲ್ಲ. ಹಿಂದಿನಿಂದ ಅವಸರ ಮಾಡಿದಷ್ಟೂ ಅದು ಜಾಸ್ತಿಯಾಗುತ್ತದೆ. ಇದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಮನೆಯವರು ಮೊದಲು ಇದನ್ನು ನಂಬಬೇಕು.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ಇಂಥವರ ನಡಿಗೆಗೆ ಸಂಗೀತ ಹೇಗೆ ನೆರವಾಗುತ್ತದೆ ಎಂದು ಇವತ್ತು ಹೇಳುತ್ತೇನೆ. ಹಾಡು ಕೇಳಿದರೆ ಮನಸ್ಸಿಗೆ ಹಿತ, ಅದು ಎಲ್ಲರಿಗೂ ಗೊತ್ತು. ನನ್ನ ಮಾತೆಲ್ಲ ತಾಳದ ಬಗ್ಗೆ.

ನಾವು ನಡೆಯುವಾಗ ಬಲಗಾಲು, ಎಡಗಾಲು ಎಂದು ಲೆಕ್ಕ ಇಡುವುದಿಲ್ಲ, ಅಲ್ವಾ? ಆ ಲೆಕ್ಕವನ್ನು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ತಾನೇ ನೋಡಿಕೊಳ್ಳುತ್ತದೆ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾಗಿ ಆ ಭಾಗದ ಕೆಲಸ ಕುಂಟುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ಪಾದ ಎಳೆಯುತ್ತದೆ, ಒಳಗಿನ ಎಣಿಕೆ ತಪ್ಪುತ್ತದೆ. ಆಗ ಹೊರಗಿನಿಂದ ಒಂದೇ ಸಮನಾದ ಪೆಟ್ಟು ಕೇಳಿಸಿದರೆ ಮಿದುಳು ಅದನ್ನು ಹಿಡಿದುಕೊಳ್ಳುತ್ತದೆ. ಸುಮ್ನೆ ಕೂತು ತಾಳ ಕೇಳಿದರೂ ಮಿದುಳಿನಲ್ಲಿ ಚಲನೆ ನೋಡಿಕೊಳ್ಳುವ ಭಾಗಗಳು ಚುರುಕಾಗುತ್ತವೆ. ತಮಟೆ ಸದ್ದಿಗೆ ಕೂತಲ್ಲೇ ಕಾಲು ಆಡುವುದು ಇದರಿಂದಲೇ.

ಅಮೆರಿಕದ ಕೊಲರಾಡೊದಲ್ಲಿ ಮೈಕೆಲ್ ಥೌಟ್ ಮತ್ತು ಅವರ ತಂಡದವರು ಇದನ್ನು ಅಳೆದು ನೋಡಿದರು. 1996ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಪಾರ್ಕಿನ್ಸನ್ ಇರುವವರು 3 ವಾರ, ದಿನಕ್ಕೆ ಅರ್ಧ ಗಂಟೆ, ಮನೆಯಲ್ಲೇ ಕ್ಯಾಸೆಟ್ ಹಾಕಿಕೊಂಡು ತಾಳಕ್ಕೆ ನಡೆದರು. ನಡಿಗೆಯ ವೇಗ ಶೇಕಡ 25ರಷ್ಟು ಏರಿತು, ಹೆಜ್ಜೆಯ ಉದ್ದ ಶೇಕಡ 12ರಷ್ಟು. ತಾಳ ಇಲ್ಲದೆ ಅಷ್ಟೇ ಹೊತ್ತು ನಡೆದವರಿಗೆ ಇಷ್ಟು ಲಾಭ ಆಗಲಿಲ್ಲ. ದೊಡ್ಡ ಯಂತ್ರ ಬೇಡದ ಚಿಕಿತ್ಸೆ ಇದು. ನಮ್ಮಂಥ ಊರುಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನು ಬೇಕು?

ಆದರೆ ಯಾವುದೋ ಹಾಡು ಹಾಕಿ "ನಡೀರಿ" ಅಂದರೆ ಆಗುವುದಿಲ್ಲ. ಹಾಡು ಕಾಲಿಗೆ ಹೊಂದಬೇಕು. ಮೊದಲು ಹಾಡಿಲ್ಲದೆ ಅವರ ಪಾಡಿಗೆ ನಡೆಯಲು ಬಿಟ್ಟು, ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ. 84 ಬಂತು ಅನ್ನಿ. ನಿಮಿಷಕ್ಕೆ 84 ಪೆಟ್ಟು ಇರುವ ತಾಳವೇ ಅವರಿಗೆ ಬೇಕು. ಮೊಬೈಲಿನಲ್ಲಿ ಮೆಟ್ರೊನೋಮ್ ಆ್ಯಪ್ ಸಿಗುತ್ತದೆ, ಅದರಲ್ಲಿ ಆ ಸಂಖ್ಯೆ ಇಟ್ಟರೆ ಟಕ್ ಟಕ್ ಎಂದು ಬಡಿಯುತ್ತದೆ. ನಡಿಗೆ ಅದಕ್ಕೆ ಕೂಡಿ ಗಟ್ಟಿಯಾದ ಮೇಲೆ ಶೇಕಡ 5ರಷ್ಟು ಏರಿಸಬಹುದು, ಅಂದರೆ 88. ಕೆಲವರು ಗಿಡ್ಡ ಹೆಜ್ಜೆಯಲ್ಲಿ ಮುಂದಕ್ಕೆ ಬಾಗಿ ಓಡಿದ ಹಾಗೆ ಹೋಗುತ್ತಾರೆ. ಅವರಿಗೆ ಏರಿಸಲೇಬೇಡಿ.

ಇಲ್ಲಿ ನಮ್ಮ ಕಡೆಯ ಹಾಡುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿತ್ರದುರ್ಗ, ದಾವಣಗೆರೆ ಕಡೆ ಭಜನೆ, ಕೋಲಾಟ ಕೇಳಿ ಬೆಳೆದವರು ಬಹಳ. ಆ ತಾಳ ಅವರ ಮೈಯಲ್ಲೇ ಇದೆ, ಹಾಗಾಗಿ ಬೇಗ ಹಿಡಿಯುತ್ತದೆ. ಆದರೆ ಕೋಲಾಟದ ಪದ ನಿಧಾನಕ್ಕೆ ಶುರುವಾಗಿ ಬರುಬರುತ್ತಾ ಜೋರಾಗುತ್ತದೆ. ಭಜನೆಯ ವೇಗವೂ ಕೊನೆಗೆ ಏರುತ್ತದೆ. ಕುಣಿಯುವವರಿಗೆ ಅದೇ ಸೊಗಸು. ಕಾಯಿಲೆ ಇರುವವರ ಕಾಲೂ ಅದರ ಹಿಂದೆ ಓಡಿ ಮುಗ್ಗರಿಸುತ್ತದೆ. ಅದಕ್ಕೇ ಮನೆಯವರೇ ಯಾರಾದರೂ ಹಾಡಿ, ಮೊದಲಿಂದ ಕೊನೆತನಕ ಒಂದೇ ವೇಗದಲ್ಲಿ ತಾಳ ಹಾಕಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅನ್ನುತ್ತೇನೆ. ಡೊಳ್ಳು ಬೇಡ. ಅದರ ಗತ್ತುಗಳಲ್ಲಿ ಎಲ್ಲಿ ಹೆಜ್ಜೆ ಇಡಬೇಕೋ ತಿಳಿಯುವುದಿಲ್ಲ.

ದಾವಣಗೆರೆಯ ಹಳೇ ಪೇಟೆಯ ಒಬ್ಬ ಅಜ್ಜ ನೆನಪಾಗುತ್ತಾರೆ. ವರ್ಷಾನುಗಟ್ಟಲೆ ಮಠದ ಭಜನೆಯಲ್ಲಿ ತಾಳ ಹಾಕಿದವರು. ಬಚ್ಚಲಮನೆ ಹೊಸಿಲಿಗೆ ಬಂದರೆ ನಿಂತುಬಿಡುತ್ತಿದ್ದರು. ಸೊಸೆ ಹಿಂದಿನಿಂದ ಕೈ ಹಾಕಿ ನೂಕುವುದನ್ನು ಬಿಡಿಸಿದೆವು. ಆಕೆ ಪಕ್ಕದಲ್ಲಿ ನಿಂತು, "ಮಾವಾರೆ, ತಾಳ ಕೇಳ್ರಿ" ಎಂದು ಅವರದೇ ಕಂಚಿನ ತಾಳ ಬಡಿಯತೊಡಗಿದರು. ಅಜ್ಜ ತಕ್ಷಣ ಹೆಜ್ಜೆ ಎತ್ತಲಿಲ್ಲ. ಮೊದಲು ಮೈಭಾರ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ಬಂತು. ನಾಲ್ಕನೇ ಪೆಟ್ಟಿಗೆ ಎಡಗಾಲು ಹೊಸಿಲು ದಾಟಿತು. ಈಗ ತಾಳ ಇಲ್ಲದಿದ್ದರೂ ಬಾಯಲ್ಲೇ ಪದ ಹೇಳಿಕೊಂಡು ದಾಟುತ್ತಾರೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರೂ ಇದನ್ನು ಪರೀಕ್ಷಿಸಿದ್ದಾರೆ. ಮನಸ್ಸಿನಲ್ಲೇ ಹಾಡಿಕೊಂಡು ನಡೆದರೂ ಹೆಜ್ಜೆಯ ಏರುಪೇರು ಕಡಿಮೆಯಾಗುತ್ತದಂತೆ.

ಲಕ್ವ ಹೊಡೆದವರಿಗೂ ಇದು ನೆರವಾಗುತ್ತದೆ. ಅವರು ಸೊರಗಿದ ಕಾಲಿನ ಮೇಲೆ ನಿಲ್ಲಲು ಹೆದರಿ, ಗಟ್ಟಿ ಕಾಲನ್ನು ದಡಕ್ಕನೆ ಮುಂದಿಡುತ್ತಾರೆ. ಎರಡು ಪೆಟ್ಟಿನ ನಡುವೆ ಅಂತರ ಒಂದೇ ಇದ್ದಾಗ ಎರಡೂ ಕಾಲಿಗೆ ಸಮ ಸಮಯ ಸಿಗುತ್ತದೆ. ಆದರೆ ಹಿಡಿದುಕೊಂಡಾದರೂ ನಾಲ್ಕು ಹೆಜ್ಜೆ ಇಡುವಂತಾದ ಮೇಲೆಯೇ ಇದನ್ನು ಶುರು ಮಾಡಬೇಕು.

ಬೀಳದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಿ ವೇಗ ಗೊತ್ತುಮಾಡಲಿ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತು ನೋಡಿಕೊಂಡು ನಡೆಸಿ. ಸಮತಟ್ಟಾದ, ಒದ್ದೆ ಇಲ್ಲದ ನೆಲ ಬೇಕು. ಪಕ್ಕದಲ್ಲಿ ಒಬ್ಬರು ಇರಲಿ, ಆದರೆ ಮಾತಾಡಿಸಬೇಡಿ. ಮಾತಿಗೆ ಗಮನ ಹೋದರೆ ಹೆಜ್ಜೆ ತಪ್ಪುತ್ತದೆ. ಕುಂದುವಾಡ ಕೆರೆ ಏರಿಯ ಮೇಲೆ ನಡೆಯುವ ಆಸೆ ಇದ್ದರೆ ಜನ ಕಡಿಮೆ ಇರುವ ಹೊತ್ತಿಗೆ ಕರೆದುಕೊಂಡು ಹೋಗಿ. ಕಿವಿಗೆ ಇಯರ್‌ಫೋನ್ ಬೇಡ, ಬೈಕಿನ ಹಾರ್ನ್ ಕೇಳಿಸಬೇಕು. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗದೆ, ತಾಳಕ್ಕೆ ಹೆಜ್ಜೆ ಇಡುತ್ತಾ ಅಗಲವಾಗಿ ಸುತ್ತಿ ಬರಲಿ.

ಅಭ್ಯಾಸ ಬಿಟ್ಟರೆ ಲಾಭ ನಿಧಾನಕ್ಕೆ ಕರಗುತ್ತದೆ. ಅದಕ್ಕೇ ವಾರಕ್ಕೊಮ್ಮೆ ನಿಮಿಷದ ಹೆಜ್ಜೆ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ವಾರ ಎಷ್ಟು ಸಲ ಕಾಲು ಕಟ್ಟಿತು, ಎಲ್ಲಿ ಕಟ್ಟಿತು, ಮಾತ್ರೆ ನುಂಗಿ ಎಷ್ಟು ಹೊತ್ತಾಗಿತ್ತು ಎಂಬುದನ್ನೂ ಬರೆಯಿರಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಗಳನ್ನು ಜೊತೆಗೆ ಒಯ್ಯಿರಿ. ಔಷಧಿಯ ಹೊತ್ತು ಬದಲಿಸಬೇಕೇ ಎಂದು ನಿರ್ಧರಿಸಲು ಅವರಿಗೆ ಅದು ಬೇಕಾಗುತ್ತದೆ.

ನಮಸ್ಕಾರ.